ಎಲೆಚುಕ್ಕೆ ಅಳೆಯೋಕೆ ಹೊರಟು ಎರಡು ಮಳೆಗಾಲ

ಅಡಿಕೆ ಸೋಗೆಯಲ್ಲಿ ಎಲೆಚುಕ್ಕೆ ರೋಗ ಎಷ್ಟು ಪಾಲು ಹಬ್ಬಿದೆ ಅಂತ ಫೋಟೊ ನೋಡಿ ಲೆಕ್ಕ ಕೊಡ್ತೀನಿ ಅಂದಾಗ, ತೀರ್ಥಹಳ್ಳಿ ಕಡೆಯ ನಮ್ಮ ಭಾವ 'ಕಣ್ಣಿಗೇ ಕಾಣೋದಕ್ಕೆ ಕಂಪ್ಯೂಟರ್ ಯಾಕೆ ಮಾರಾಯ' ಅಂದರು. ಬೆಂಗಳೂರಿನ ಗೆಳೆಯರದ್ದು ಇನ್ನೊಂದು ರಾಗ: ಇದನ್ನೆಲ್ಲ ಬಿಟ್ಟು ಡೀಪ್ ಲರ್ನಿಂಗ್ ಮಾಡು. ಗುರುತು ಹಾಕಿದ ಸಾವಿರಾರು ಚಿತ್ರ ಎಲ್ಲಿಂದ ತರೋದು? ನನ್ನ ಹತ್ತಿರ ಇದ್ದದ್ದು ಇನ್ನೂರು ಚಿಲ್ಲರೆ ಎಲೆ, ಒಂದು ಹಳೇ ಲ್ಯಾಪ್‌ಟಾಪ್.

ಮೊದಲು ಓಟ್ಸು ಹಚ್ಚಿದೆ, ಅಂದರೆ ಹೊಳಪಿನ ಒಂದು ಗಡಿ ಹುಡುಕಿ ಚಿತ್ರವನ್ನು ಎರಡು ಪಾಲು ಮಾಡುವ ವಿಧಾನ. ಅದು ಎಲೆಯನ್ನೂ ಹಿಂದಿನ ಬಟ್ಟೆಯನ್ನೂ ಬೇರೆ ಮಾಡಿತು, ಚುಕ್ಕೆಯ ಗೊಡವೆಗೇ ಹೋಗಲಿಲ್ಲ. ಆಮೇಲೆ ಲ್ಯಾಬ್ ಬಣ್ಣದಲ್ಲಿ (ಎಲ್ ಅಂದರೆ ಹೊಳಪು, ಎ, ಬಿ ಅಂದರೆ ಬಣ್ಣ) ನಾಲ್ಕು ಗಾಸಿಯನ್, ಅಂದರೆ ಗಂಟೆಯಾಕಾರದ ಹಂಚಿಕೆ, ಇಟ್ಟು ಇ.ಎಂ. ಓಡಿಸಿದೆ; ಅದು ಪಿಕ್ಸೆಲ್‌ಗಳನ್ನು ಗುಂಪಿಗೆ ಹಂಚುತ್ತಾ, ಗುಂಪಿನ ಅಳತೆಯನ್ನು ತಿದ್ದುತ್ತಾ ಹೋಗುವ ವಿಧಾನ. ಗುಂಪು ನಾಲ್ಕು: ಹಸಿರು, ಚುಕ್ಕೆ ಸುತ್ತಲಿನ ಹಳದಿ ಬಳೆ, ಒಣಗಿದ ಕಂದು, ಹಿನ್ನೆಲೆ. ಬೆಳಕಿನ ವ್ಯತ್ಯಾಸ ತೊಂದರೆ ಕೊಡುತ್ತೆ ಅಂತ ಎಲ್ ಅನ್ನು ಕಿತ್ತು ಹಾಕಿದ್ದೇ ತಪ್ಪಾಯ್ತು. ಹಳೇ ಚುಕ್ಕೆಯ ನಡುಭಾಗ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಒದ್ದೆ ಎಲೆಯ ಹೊಳಪೂ ಹಾಗೇ ಕಾಣುತ್ತೆ; ಎಲ್ ಇಲ್ಲದೆ ಎರಡನ್ನೂ ಬೇರೆ ಮಾಡೋಕೆ ಆಗಲಿಲ್ಲ. ಎಲ್ ಅನ್ನು ಅರ್ಧ ತೂಕಕ್ಕೆ ವಾಪಸ್ ತಂದೆ.

ದುಡ್ಡು ಪೋಲಾದದ್ದು ಡ್ರೋನಿಗೆ. ಎರಡು ದಿನದ ಬಾಡಿಗೆ ಹತ್ತಿರ ಹತ್ತಿರ ಒಂಬತ್ತು ಸಾವಿರ. ಜಡಿಮಳೆ ಬಿಡಲೇ ಇಲ್ಲ, ಸಿಕ್ಕ ನಲವತ್ತು ಚಿತ್ರದಲ್ಲಿ ಸೋಗೆಗಿಂತ ಮಂಜೇ ಜಾಸ್ತಿ. ಕಡೆಗೆ ಪ್ಲೈವುಡ್ ಡಬ್ಬಿಗೆ ಎಲ್‌ಇಡಿ ಪಟ್ಟಿ ಅಂಟಿಸಿ ಜಗುಲಿಯಲ್ಲೇ ಫೋಟೊ ತೆಗೆದೆ, ಖರ್ಚು ಸಾವಿರದ ಎಂಟುನೂರೋ ಏನೋ. ಪ್ರತಿ ಸಲ ಮೊದಲು ಖಾಲಿ ಬಿಳಿ ಹಾಳೆಯ ಚಿತ್ರ ತೆಗೆದು, ಎಲೆಯ ಚಿತ್ರವನ್ನು ಅದರಿಂದ ಭಾಗಿಸೋದು. ಅರ್ಧ ಕಾಯಿಲೆ ಅಲ್ಲೇ ವಾಸಿಯಾಯ್ತು.

ಆದರೂ ಫಲಿತಾಂಶದ ತುಂಬ ರವೆ ಚೆಲ್ಲಿದ ಹಾಗೆ ಬಿಡಿ ಪಿಕ್ಸೆಲ್. ಮಾರ್ಕೋವ್ ರ‍್ಯಾಂಡಮ್ ಫೀಲ್ಡ್ (ಪಿಕ್ಸೆಲ್ ತನ್ನ ನೆರೆಯವುಗಳ ಹಾಗೇ ಇರೋ ಸಾಧ್ಯತೆ ಹೆಚ್ಚು ಅನ್ನೋ ಲೆಕ್ಕ) ಸೇರಿಸಿ, ಸಂಖ್ಯಾಶಾಸ್ತ್ರಜ್ಞ ಬೆಸಾಗ್ 1986ರಲ್ಲಿ ಕೊಟ್ಟ ಐ.ಸಿ.ಎಂ. ಹಚ್ಚಿದೆ; ಅದು ಒಂದೊಂದೇ ಪಿಕ್ಸೆಲ್ಲಿಗೆ ಹೆಚ್ಚು ಹೊಂದುವ ಗುಂಪನ್ನು ಪದೇ ಪದೇ ಆರಿಸುತ್ತೆ. ನೆರೆಗೆ ಎಷ್ಟು ತೂಕ ಅನ್ನೋ ಅಂಕಿ ಬೀಟಾ; ಅದನ್ನು 2 ಇಟ್ಟಾಗ ಚಿತ್ರ ನುಣ್ಣಗೆ ಬಂತು, ಖುಷಿಪಟ್ಟೆ. ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ಗೊತ್ತಾಯ್ತು: ಸಾಸಿವೆ ಗಾತ್ರದ ಎಳೇ ಚುಕ್ಕೆಗಳನ್ನೆಲ್ಲ ಅಕ್ಕಪಕ್ಕದ ಹಸಿರು ನುಂಗಿಬಿಟ್ಟಿತ್ತು. ಹಬ್ಬುವ ಮೊದಲೇ ಸಿಗಬೇಕಾದ್ದು ಅವೇ. ಈಗ 0.7ರ ಆಸುಪಾಸು ಇಡ್ತೀನಿ. ಎಲೆಯ ನರದ ಉದ್ದಕ್ಕೂ ಅದನ್ನು ಹೇಗೆ ಬದಲಿಸ್ತೀನಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪೈಥಾನ್ ಲೂಪಿನಲ್ಲಿ ಎಲೆಗೆ ಐದಾರು ನಿಮಿಷ ಹಿಡೀತಿತ್ತು. ಪ್ರತಿ ಪಿಕ್ಸೆಲ್ಲಿಗೆ ಮೇಲೆ, ಕೆಳಗೆ, ಎಡ, ಬಲ ಅಂತ ನಾಲ್ಕೇ ನೆರೆ ಇಟ್ಟುಕೊಂಡು, ಚದುರಂಗದ ಮಣೆಯ ಹಾಗೆ ಒಮ್ಮೆ ಕಪ್ಪು ಮನೆ, ಒಮ್ಮೆ ಬಿಳಿ ಮನೆ ಒಟ್ಟಿಗೇ ಬದಲಿಸಿದೆ. ನಾಲ್ಕು ಸೆಕೆಂಡಿಗೆ ಇಳೀತು.

ನಡುವೆ ಬೇಯಿಸಿದ ಅಡಿಕೆಯ ಮೇಲೂ ಕೈಯಾಡಿಸಿದೆ, ರಾಶಿ, ಬೆಟ್ಟೆ ಅನ್ನೋ ದರ್ಜೆ ವಿಂಗಡಿಸೋಕೆ ಆಗುತ್ತಾ ಅಂತ. ಅಡಿಕೆ ಬೇಯಿಸಿದ ಕೆಂಪು ರಸ, ಅಂದರೆ ಚೊಗರಿನ ಹೊಳಪು ಬಣ್ಣವನ್ನೇ ಕೆಡಿಸುತ್ತೆ. ಅದನ್ನು ಇನ್ನೂ ಬಿಟ್ಟಿಲ್ಲ.

ತಾಳೆ ನೋಡಲು ಮೂವತ್ತು ಎಲೆಯ ಚುಕ್ಕೆಗಳನ್ನು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಚೌಕ ಎಣಿಸಿದೆವು, ನಾನೂ ನನ್ನ ಹೆಂಡತಿಯೂ, ಮೂರು ರಾತ್ರಿ. ಎರಡು ಬಿಟ್ಟರೆ ಉಳಿದೆಲ್ಲದರಲ್ಲೂ ವ್ಯತ್ಯಾಸ ಶೇ. 3ರ ಒಳಗೇ ಇತ್ತು. ಭಾವನವರು ಈ ವರ್ಷ ಔಷಧಿ ಹೊಡೆಸುವ ಮುಂಚೆ ಐದು ಸೋಗೆ ಕಟ್ಟಿಕೊಂಡು ತಾವೇ ಬಂದಿದ್ದರು.