ಕುರ್ಚಿ ಮೇಲಿನ ಬಟ್ಟೆ ಗುಡ್ಡೆ

ನಿಮ್ಮ ಮನೆಯಲ್ಲಿ ಯಾರೂ ಕೂರದ ಒಂದು ಕುರ್ಚಿ ಇದೆ. ಇದ್ದೇ ಇರುತ್ತೆ. ಯಾಕೆಂದರೆ ಅದರ ಮೇಲೆ ಒಗೆದು ಒಣಗಿದ ಬಟ್ಟೆ ಕೂತಿರುತ್ತೆ. ಮಗ-ಸೊಸೆಯ ಮನೆಗೆ ನಾನು ಹೋದಾಗ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಬೆಳಿಗ್ಗೆ ಮಗ ಆ ಗುಡ್ಡೆಯೊಳಗೆ ಕೈ ಹಾಕಿ ಒಂದು ಕಾಲುಚೀಲ ಎಳೆದ. ಅದರ ಜೋಡಿ ಸಿಗಲಿಲ್ಲ. ಮತ್ತೆ ಎಳೆದ, ಗುಡ್ಡೆ ಪೂರ್ತಿ ನೆಲಕ್ಕೆ ಬಂತು. "ಟೈಮೇ ಸಿಗಲ್ಲಮ್ಮ" ಅಂದ. ಎಲ್ಲಿಂದ ಸಿಗಬೇಕು? ಅದೂ ಆ ಗುಡ್ಡೆಯೊಳಗೇ ಬಿದ್ದಿರಬೇಕು.

ಇಬ್ಬರ ಫೋನಿನಲ್ಲೂ ಕೆಲಸದ ಪಟ್ಟಿ ಇದೆ. ಅದು ಗಂಟೆ ಹೊಡೆಯುತ್ತೆ, ಮುಗಿದ ಕೆಲಸಕ್ಕೆ ಹಸಿರು ಗೆರೆ ಎಳೆಯುತ್ತೆ. ಕೆಲಸ ಮಾಡುವ ರೀತಿ ಮಾತ್ರ ಹಾಗೇ ಇದೆ. ನಾನು ಸುಮ್ನೆ ಕೂತು ಅವರ ಒಂದು ಅಂಗಿಯ ಹಿಂದೆ ಬಿದ್ದೆ. ಮೆಷಿನ್‌ನಿಂದ ಬಕೆಟ್‌ಗೆ, ಬಕೆಟ್‌ನಿಂದ ಹಗ್ಗಕ್ಕೆ, ಹಗ್ಗದಿಂದ ಕುರ್ಚಿಗೆ. ಸಂಜೆ ಮಡಚೋಣ ಅಂತ ಕುರ್ಚಿಯಿಂದ ಮಂಚಕ್ಕೆ. ರಾತ್ರಿ ಮಲಗಬೇಕಲ್ಲ, ಮಂಚದಿಂದ ವಾಪಸ್ ಕುರ್ಚಿಗೆ. ಮಾರನೇ ದಿನ ಮತ್ತೆ ಮಂಚಕ್ಕೆ, ಕೊನೆಗೆ ಬೀರುವಿಗೆ. ಒಂದು ಅಂಗಿಯನ್ನು 7 ಸಲ ಎತ್ತಿ ಇಟ್ಟರು! ನನ್ನ ಕೈಯಲ್ಲಿ ಅದು 4 ಸಲಕ್ಕೆ ಮುಗಿಯುತ್ತೆ. ನಾನೇನು ಅವರಿಗಿಂತ ಬೇಗ ಓಡಾಡುವುದಿಲ್ಲ, ಮಂಡಿ ನೋವು ಬೇರೆ.

ಬೀರುವಿನಿಂದ ಹಿಂದಕ್ಕೆ ಯೋಚಿಸಿ. ಬಟ್ಟೆ ಕೊನೆಗೆ ಹೋಗಿ ಕೂರುವ ಜಾಗ ಅದೇ ತಾನೆ? ಅಲ್ಲಿ ಹೇಗಿರಬೇಕೋ ಹಗ್ಗದ ಮೇಲೂ ಹಾಗೇ ಇರಲಿ. ಎಲ್ಲರೂ ಒಣಗಿದ ಮೇಲೆ ವಿಂಗಡಿಸುತ್ತಾರೆ. ನಾನು ಒದ್ದೆ ಇರುವಾಗಲೇ ವಿಂಗಡಿಸಿಬಿಡುತ್ತೇನೆ. ಹೇಗೂ ಒಂದೊಂದನ್ನೇ ಕೈಗೆತ್ತಿಕೊಂಡು ಹರವಬೇಕು. ಎಡಕ್ಕೆ ಹರವಿದರೇನು, ಬಲಕ್ಕೆ ಹರವಿದರೇನು, ಶ್ರಮ ಒಂದೇ ಅಲ್ವಾ?

ಈಗ ಸರಿಯಾಗಿ ಕೇಳಿ. ಬಾಗಿಲಿನಿಂದ ದೂರ ಇರುವ ಹಗ್ಗದ ತುದಿಯಲ್ಲಿ, ಮನೆಯ ತೀರಾ ಒಳಗಿನ ಕೋಣೆಯವರ ಬಟ್ಟೆ. ಬಾಗಿಲ ಪಕ್ಕದ ತುದಿಯಲ್ಲಿ, ಒಳಗೆ ಕಾಲಿಟ್ಟರೆ ಮೊದಲು ಸಿಗುವ ಕೋಣೆಯವರದು. ತೆಗೆಯುವಾಗ ದೂರದ ತುದಿಯಿಂದ ಶುರು ಮಾಡಿ ಬಾಗಿಲ ಕಡೆ ಬನ್ನಿ. ಮೊದಲು ತೆಗೆದದ್ದು ಬಕೆಟ್‌ನ ತಳದಲ್ಲಿ, ಕೊನೆಗೆ ತೆಗೆದದ್ದು ಮೇಲೆ. ಒಳಗೆ ಬರುತ್ತಾ ಮೇಲಿನದನ್ನು ಮೊದಲ ಕೋಣೆಯಲ್ಲಿ ಇಟ್ಟು ಮುಂದೆ ಹೋಗುತ್ತೀರಿ. ಕಟ್ಟಕಡೆಯ ಕೋಣೆ ತಲುಪುವಾಗ ಬಕೆಟ್ ಖಾಲಿ. ಸೊಸೆ ನಕ್ಕಳು, "ಅತ್ತೆ, ಇದಕ್ಕೂ ನಕ್ಷೆ ಬೇಕಾ?" ಅಂದಳು. ಬೇಕು.

ಹರವುವ ಮುಂಚೆ ಒದರಿ. ಎರಡು ಕೈಯಲ್ಲಿ ಹೆಗಲು ಹಿಡಿದು ಪಟ್ ಅಂತ ಸದ್ದು ಬರಬೇಕು. ಆ ಸದ್ದು ಬರದಿದ್ದರೆ ಸುಕ್ಕು ಹಾಗೇ ಒಣಗುತ್ತೆ, ಆಮೇಲೆ ಇಸ್ತ್ರಿ ಪೆಟ್ಟಿಗೆ ಮುಂದೆ ಅರ್ಧ ಗಂಟೆ ನಿಲ್ಲಿ. ಅಂಗಿಯನ್ನು ತಲೆಕೆಳಗಾಗಿ, ಕೆಳ ಅಂಚಿಗೆ ಕ್ಲಿಪ್ ಹಾಕಿ ನೇತು ಹಾಕಿ. ಹೆಗಲ ಮೇಲೆ ಕ್ಲಿಪ್ಪಿನ ಗುರುತು ಮೂಡಿದ ಅಂಗಿ ನನಗೆ ನೋಡೋಕೇ ಆಗಲ್ಲ. ಕಡು ಬಣ್ಣದ್ದನ್ನು ಒಳಮಗ್ಗುಲು ಹೊರಗೆ ಮಾಡಿ, ಬಿಸಿಲು ಬಣ್ಣ ಎಳೆಯುತ್ತೆ. ಪ್ಯಾಂಟನ್ನೂ ಹಾಗೇ, ಇಲ್ಲದಿದ್ದರೆ ಜೇಬು ಒಣಗುವುದಿಲ್ಲ. ಕಾಲುಚೀಲ ಜೋಡಿಗೆ ಒಂದೇ ಕ್ಲಿಪ್. ಜೋಡಿ ಸಿಗುವವರೆಗೆ ಒಂಟಿಯನ್ನು ಹಗ್ಗಕ್ಕೆ ಹಾಕಬೇಡಿ. ಬಕೆಟ್‌ನಲ್ಲೋ ಮೆಷಿನ್ನಿನ ಒಳಗೋ ಅಂಟಿಕೊಂಡಿರುತ್ತೆ, ಆಗಲೇ ಹುಡುಕಿ. ಬಟ್ಟೆಗೂ ಬಟ್ಟೆಗೂ ನಡುವೆ ಒಂದು ಮುಷ್ಟಿ ಜಾಗ, ಗಾಳಿ ಆಡಲಿ. ದಪ್ಪ ಟವೆಲ್ಲಿಗೆ ಬೇರೆ ಹಗ್ಗ ಇದ್ದರೆ ಒಳ್ಳೆಯದು, ಅದಕ್ಕೋಸ್ಕರ ಉಳಿದವು ಕಾಯಬಾರದು.

ಒಣಗಿದೆಯೋ ಇಲ್ಲವೋ ಅಂತ ಬೆರಳಿನಲ್ಲಿ ಮುಟ್ಟಿ ನೋಡಬೇಡಿ. ಹೊಲಿಗೆ ಇರುವ ಕಡೆ ಕೆನ್ನೆಗೆ ಒತ್ತಿ. ತಣ್ಣಗೆ ಅನಿಸಿದರೆ ಇನ್ನೂ ಪಸೆ ಇದೆ, ಬಿಡಿ. ಆಮೇಲೆ ಹಗ್ಗದ ಹತ್ತಿರವೇ ನಿಂತು ಮಡಚಿ. ಕ್ಲಿಪ್ ತೆಗೆದ ಕೈಯಲ್ಲೇ ಅಂಚು ಹಿಡಿದಿರುತ್ತೀರಿ, ಮಡಚುವ ಅರ್ಧ ಕೆಲಸ ಆಗಲೇ ಆಗಿರುತ್ತೆ. ಬಿಸಿಲಿನ ಬಿಸಿ ಆರುವ ಮೊದಲು ಮಡಚಿದರೆ ಕೈ ಆಡಿಸಿದ ಹಾಗೆ ಕೂರುತ್ತೆ.

ಬಕೆಟ್ ನೆಲದ ಮೇಲೆ ಇಡಬೇಡಿ, ಸೊಂಟದ ಎತ್ತರಕ್ಕೆ ಇಡಿ. ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ ಅನ್ನುವವನು 1885ರಲ್ಲಿ ಗಾರೆ ಕೆಲಸಕ್ಕೆ ಸೇರಿದ. ಒಂದೊಂದು ಇಟ್ಟಿಗೆಗೂ ಗಾರೆಯವರು ಬಗ್ಗಿ ಏಳುವುದನ್ನು ನೋಡಿ, ಇಟ್ಟಿಗೆಯನ್ನೇ ಅವರ ಸೊಂಟದ ಎತ್ತರಕ್ಕೆ ತರುವ ಅಟ್ಟಣೆ ಮಾಡಿಸಿದ. ಒಂದು ಇಟ್ಟಿಗೆ ಇಡಲು 18 ಸಲ ಕೈ ಮೈ ಆಡಿಸುತ್ತಿದ್ದದ್ದು ಸುಮಾರು 5ಕ್ಕೆ ಇಳಿಯಿತು. 1924ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಲಿಲಿಯನ್ ಅದೇ ಕಣ್ಣಿನಿಂದ ಅಡುಗೆಮನೆಯನ್ನು ನೋಡಿದಳು. ಮನೆ ತುಂಬ ಮಕ್ಕಳಿದ್ದ ಎಂಜಿನಿಯರ್ ಅವಳು. ಕಾಲಲ್ಲಿ ಒತ್ತಿ ಮುಚ್ಚಳ ತೆಗೆಯುವ ಕಸದ ಡಬ್ಬಿ ಇದೆಯಲ್ಲ, ಅದು ಅವಳ ಯೋಚನೆ ಅಂತಾರೆ. ಮಕ್ಕಳ ಸಂತೆಯಲ್ಲಿ ನಿಂತವಳಿಗೆ ಇಂಥದ್ದು ಹೊಳೆಯುತ್ತೆ ಬಿಡಿ.

ನಾನು ನೌಕರಿಯಲ್ಲಿದ್ದಾಗ ಟಪಾಲು ನೋಡಿಕೊಳ್ಳುತ್ತಿದ್ದೆ. ನಮ್ಮ ಮೇಲಧಿಕಾರಿ ಒಬ್ಬರು ಬಂದ ಕಾಗದವನ್ನೆಲ್ಲ ಬಿಚ್ಚಿ ಓದಿ "ನಾಳೆ ನೋಡೋಣ" ಅಂತ ಪಕ್ಕಕ್ಕಿಡುತ್ತಿದ್ದರು. ನಾಳೆ ಮತ್ತೆ ಮೊದಲಿನಿಂದ ಓದುತ್ತಿದ್ದರು. ಅವರ ಮೇಜಿನ ಮೇಲೂ ಒಂದು ಗುಡ್ಡೆ. ಈಗ ಸೊಸೆ ಲ್ಯಾಪ್‌ಟಾಪಿನಲ್ಲಿ ಅದನ್ನೇ ಮಾಡುತ್ತಾಳೆ. ಮೇಲ್ ತೆರೆಯುವುದು, ಓದುವುದು, ಮುಚ್ಚುವುದು, ಊಟ ಆದ ಮೇಲೆ ಅದನ್ನೇ ಮತ್ತೆ ತೆರೆಯುವುದು. ಉತ್ತರ ಬರೆಯಲು ಪುರುಸೊತ್ತು ಇಲ್ಲದಿದ್ದರೆ ಯಾಕಮ್ಮ ತೆರೆಯಬೇಕು? ಹೇಳಿದೆ. ಮುಖ ಸಣ್ಣದು ಮಾಡಿಕೊಂಡಳು, ಆದರೆ ಮಾರನೇ ದಿನ ಮಧ್ಯಾಹ್ನದವರೆಗೆ ಅದರ ತಂಟೆಗೆ ಹೋಗಲಿಲ್ಲ.

ಹಾಂ, ಪಾತ್ರೆ ವಿಷಯವೂ ಹೇಳಿಬಿಡುತ್ತೇನೆ. ಉಂಡ ತಕ್ಷಣ ಒಂದು ಲೋಟ ನೀರು ಹುಯ್ದು ಬಿಡೋಕೆ ಏನು ಕಷ್ಟ? ಒಣಗಲು ಬಿಟ್ಟು ರಾತ್ರಿ ಹನ್ನೊಂದಕ್ಕೆ ಗರಗರ ಉಜ್ಜುತ್ತಾ ನಿಲ್ಲುತ್ತೀರಿ.

ವಾಪಸ್ ಹೊರಡುವ ದಿನ ಆ ಕುರ್ಚಿಯನ್ನು ನಾನೇ ಎಳೆದುಕೊಂಡು ಹೋಗಿ ಹಗ್ಗದ ಕೆಳಗೆ ಇಟ್ಟು ಬಂದೆ. ಈಗ ಬಕೆಟ್ ಅದರ ಮೇಲೆ ಕೂರುತ್ತದಂತೆ, ಕ್ಲಿಪ್ಪಿನ ಡಬ್ಬಿ ಅದರ ಕೈಗೆ ಕಟ್ಟಿದೆಯಂತೆ. ಮಗ ಮೊನ್ನೆ ಫೋಟೋ ಕಳಿಸಿದ್ದ. ಅಂಗಿಗಳೆಲ್ಲ ಸರಿಯಾಗಿ ತಲೆಕೆಳಗಾಗಿದ್ದವು. ಕಾಲುಚೀಲ ಮಾತ್ರ ಒಂದು ಒಂಟಿಯಾಗಿ ನೇತಾಡುತ್ತಿತ್ತು.