ಹಳೆ ಬಾಕ್ಸ್‌ಕಾರ್‌ನ ವಯಸ್ಸು ಪತ್ತೆ ಮಾಡುವುದು ಹೇಗೆ?

ಅಮೆರಿಕದ ರೈಲು ಮ್ಯೂಸಿಯಮ್‌ಗೆ ಹೋದವರು ಎಂಜಿನ್ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಹಿಂದೆ ನಿಂತ ಬಾಕ್ಸ್‌ಕಾರ್‌ಗಳನ್ನು, ಅಂದರೆ ಮುಚ್ಚಿದ ಗೂಡ್ಸ್ ಬೋಗಿಗಳನ್ನು, ಒಮ್ಮೆ ಸುತ್ತಿ ನೋಡಿ. ಬಣ್ಣ, ಅಕ್ಷರಗಳನ್ನು ನಂಬಬೇಡಿ. ಅವನ್ನು ಯಾವಾಗ ಬೇಕಾದರೂ ಹೊಸದಾಗಿ ಬಳಿಯಬಹುದು.

ಮೊದಲು ಪಕ್ಕದ ಗೋಡೆ. ಹಲಗೆಯ ಹೊರಗೆ ಉಕ್ಕಿನ ಕಂಬ, ಓರೆಪಟ್ಟಿ ಕಂಡರೆ ಅದು ಸಿಂಗಲ್ ಶೀತ್ಡ್, ಅಂದರೆ ಒಂದೇ ಪದರ ಹಲಗೆಯದು. ಹಲಗೆ ಮಾತ್ರ ಕಂಡರೆ ಡಬಲ್ ಶೀತ್ಡ್: ಚೌಕಟ್ಟು ಎರಡು ಪದರ ಹಲಗೆಗಳ ನಡುವೆ ಅಡಗಿರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ರೈಲ್ವೆಗಳು ಸರ್ಕಾರದ ಕೈಲಿದ್ದಾಗ ಎರಡೂ ಬಗೆಯವನ್ನು ಸಾವಿರಾರು ಕಟ್ಟಿಸಿದರು. ಪೂರ್ತಿ ಉಕ್ಕಿನವು 1920ರ ದಶಕದಲ್ಲಿ ಜಾಸ್ತಿಯಾದವು. ಅಂಥದೊಂದು ಮಾದರಿಯಾದ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಎಕ್ಸ್29 ಬಂದದ್ದು 1924ರಲ್ಲಿ.

ಈಗ ಬೋಗಿಯ ತುದಿಗೆ ಬನ್ನಿ. ನನ್ನ ಮಟ್ಟಿಗೆ ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಬಾಗಿಲು, ಟ್ರಕ್ (ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಬದಲಾಗುತ್ತಲೇ ಇರುತ್ತವೆ, ತುದಿಯ ಗೋಡೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. 1930ರ ದಶಕದ, ಡ್ರೆಡ್‌ನಾಟ್ ಎಂಬ ಹೆಸರಿನ ಉಕ್ಕಿನ ತುದಿಯಲ್ಲಿ ಉಬ್ಬು ಪಟ್ಟಿಗಳು ಅಡ್ಡಲಾಗಿ ಹೋಗಿ ಎರಡೂ ಕಡೆ ಚೂಪಾಗುತ್ತವೆ. ಅವುಗಳ ನಡುವೆ ಅಂಚಿನಲ್ಲಿ ಚಿಕ್ಕ ಚೂಪು ಉಬ್ಬುಗಳಿರುತ್ತವೆ. 1940ರ ದಶಕದ ಮಧ್ಯದಿಂದ ಬಂದ ಸುಧಾರಿತ ಬಗೆಯಲ್ಲಿ ಆ ಚಿಕ್ಕ ಉಬ್ಬು ಇಲ್ಲ, ದೊಡ್ಡ ಪಟ್ಟಿ ಮಾತ್ರ ಲಟ್ಟಣಿಗೆಯಂತೆ ದಪ್ಪ.

ಹಳೆಯ ಬಗೆಯ ಡ್ರೆಡ್‌ನಾಟ್ ಆದರೆ, ಮೇಲೊಂದು ಕೆಳಗೊಂದು ಇರುವ ತಗಡುಗಳಲ್ಲಿ ಪಟ್ಟಿ ಎಣಿಸಿ. ಮೇಲಿನ ತಗಡಿನಲ್ಲಿ 4, ಕೆಳಗಿನದರಲ್ಲಿ 5 ಇದ್ದರೆ ಸಾಮಾನ್ಯವಾಗಿ ಒಳಎತ್ತರ 10 ಅಡಿ, ಅಂದರೆ ಅಮೆರಿಕದ ರೈಲ್ವೆಗಳ ಒಕ್ಕೂಟದ 1937ರ ಪ್ರಮಾಣಿತ ಮಾದರಿ. ಎರಡರಲ್ಲೂ 5 ಇದ್ದರೆ ಇನ್ನೂ ಎತ್ತರದ್ದು. ಸುಮ್ನೆ ಎಣಿಸಿದರೆ ಇಷ್ಟು ತಿಳಿಯುತ್ತೆ ಅಲ್ವಾ!

ಬಗ್ಗಿ ಬ್ರೇಕನ್ನೂ ನೋಡಿ. ಗಾಳಿ ಒತ್ತಡದ ಬ್ರೇಕ್‌ಗಳಲ್ಲಿ ಎರಡು ಬಗೆ. ಹಳೆಯ ಕೆ ಬ್ರೇಕ್‌ನಲ್ಲಿ ಸಿಲಿಂಡರ್, ಗಾಳಿ ಟ್ಯಾಂಕ್, ವಾಲ್ವ್ ಸಾಮಾನ್ಯವಾಗಿ ಒಟ್ಟಿಗೆ ಅಂಟಿಕೊಂಡಿರುತ್ತವೆ. ಎಬಿ ಬ್ರೇಕ್‌ನಲ್ಲಿ ಮೂರೂ ಬೇರೆ ಬೇರೆ. 1933ರಿಂದ ಹೊಸ ಬೋಗಿಗಳಿಗೆ ಎಬಿ ಕಡ್ಡಾಯವಾಯಿತು. ಹಳೆಯವಕ್ಕೂ ಅದನ್ನೇ ಆಮೇಲೆ ಹಾಕಿದ್ದಾರೆ. ಹಾಗಾಗಿ ಕೆ ಇದ್ದರೆ ಬೋಗಿ ಹಳೆಯದು ಎನ್ನಬಹುದು, ಎಬಿ ಇದ್ದ ಮಾತ್ರಕ್ಕೆ ಹೊಸದು ಎನ್ನಲಾಗದು.

ಚಾವಣಿ ಮೇಲೆ ನಡೆದಾಡುವ ಹಲಗೆ ಇಲ್ಲವೇ? 1966ರಿಂದ ಹೊಸ ಬೋಗಿಗಳಿಗೆ ಅದನ್ನು ಹಾಕುವುದು ನಿಂತಿತು, ಹಳೆಯವುಗಳಿಂದ ನಿಧಾನವಾಗಿ ಕಿತ್ತರು. ಅದನ್ನು ಹಿಡಿದಿದ್ದ ಬ್ರ್ಯಾಕೆಟ್‌ಗಳು ಚಾವಣಿಯಲ್ಲಿ ಉಳಿದಿವೆಯೇ, ಏಣಿಯನ್ನು ಅರ್ಧಕ್ಕೆ ಕತ್ತರಿಸಿದ ಗುರುತಿದೆಯೇ ನೋಡಿ. ಇದ್ದರೆ ಬೋಗಿ ಅದಕ್ಕಿಂತ ಹಿಂದಿನದು.