ಮಳ್ಯಾಗ ಬೈಕ್ ಮ್ಯಾಲ ಆಕ್ಸಿಡೆಂಟ್ ಜಾಗಕ್ಕ ಹ್ಯಾಂಗ ಮುಟ್ಟಬೇಕು, ಮುಟ್ಟಿದ ಮ್ಯಾಲ ಏನ್ ಮಾಡ್ಬೇಕು

ಕಲಬುರಗಿ ಸುತ್ತಮುತ್ತ ಮಳಿಗಾಲದಾಗ ರಸ್ತಾದ ಮ್ಯಾಲ ಯಾರರೆ ಬಿದ್ರ ಭಾಳ ಸಲ ಮೊದಲು ಬಂದು ನಿಲ್ಲೋರು ಬೈಕ್ ಮ್ಯಾಲಿನ ಪೊಲೀಸರು. ಜೀಪು, ಆಂಬುಲೆನ್ಸು ಜಾಮ್‌ನ್ಯಾಗ ಸಿಕ್ಕೊಂಡಲ್ಲಿ ಬೈಕ್ ಸಂದ್ಯಾಗ ಹಾದು ಹೋಗ್ತದ. ಆದ್ರ ಮುಂದಿನವ್ರನ್ನ ಕೆಡವಿದ ಮಳಿ, ಅದಾ ರಾಡಿ, ಅದಾ ತಿರುವು ಇವ್ರಿಗೂ ಕಾಯ್ತಿರ್ತದ, ಅದಕ್ಕಾ ಈ ಕೆಲಸದಾಗ ಎಲ್ಲಾದಕ್ಕಿಂತ ಮ್ಯಾಲಿನ ಮಾತು ಒಂದಾ ಅಂತ ನಾ ಖರೇನ ನಂಬೀನಿ: ಎರಡನೇ ಆಕ್ಸಿಡೆಂಟ್ ಆಗಬಾರದು. ಹೋಗುವಾಗೂ ಆಗಬಾರದು, ಹೋಗಿ ನಿಂತ ಜಾಗದಾಗೂ ಆಗಬಾರದು. ಹೊಸದಾಗಿ ಬೈಕ್ ಡ್ಯೂಟಿಗಿ ಬಂದ ಹುಡುಗ್ರಿಗಿ, ಹೋಮ್ ಗಾರ್ಡ್‌ಗಳಿಗಿ, ಹಂಗಾ ದಿನಾ ಗಾಡಿ ಹೊಡಿಯೋ ನಮ್ಮಂಥವ್ರಿಗೂ ಉಪಯೋಗ ಆಗ್ಲಿ ಅಂತ ಒಂದೊಂದಾ ಹಂತ ಬರ್ದೀನಿ.

ಗಾಡಿ ಹೊರಗ ತೆಗಿಯೂಕಿಂತ ಮೊದಲು

ಟೈರ್ ನೋಡ್ರಿ. ಪಟ್ಟಿ ನಡುವಿನ ಸಂದ್ಯಾಗ ಸಣ್ಣ ಉಬ್ಬು ಇರ್ತಾವ, ಟೈರ್ ಸವದು ಆ ಉಬ್ಬಿನ ಸಮಕ್ಕ ಬಂದಿದ್ರ ಮಳ್ಯಾಗ ಆ ಗಾಡಿ ತೆಗಿಲೇಬ್ಯಾಡ್ರಿ, ನೀರು ಹೊರಗ ತಳ್ಳೂ ಶಕ್ತಿ ಅದಕ್ಕ ಉಳದಿಲ್ಲ. ಗ್ರಿಪ್ ಸಿಗ್ತದ ಅಂತ ಹವಾ ಇಳಸೋರು ಅದಾರ, ಅದು ತಪ್ಪು, ಕಂಪನಿ ಹೇಳಿದಷ್ಟಾ ಇರ್ಲಿ. ಹಿಂದಿನ ಬ್ರೇಕ್ ಲೈಟ್ ಹತ್ತದೇನ ನೋಡ್ರಿ, ಎರಡೂ ಬ್ರೇಕಿನಿಂದ ಬ್ಯಾರೆ ಬ್ಯಾರೆ ಹಚ್ಚಿ ನೋಡ್ರಿ.

ರೇನ್‌ಕೋಟ್ ಒಳಗ ರಿಫ್ಲೆಕ್ಟರ್ ಜಾಕೆಟ್ ಹಾಕ್ಕೊಂಡು ಹೋಗೋರನ್ನ ದಿನಾ ನೋಡ್ತೀವಿ. ರಾತ್ರಿ ಲಾರಿಯವ್ನಿಗಿ ಕಾಣೂದು ಕರಿ ರೇನ್‌ಕೋಟ್ ಮಾತ್ರ. ಜಾಕೆಟ್ ಮ್ಯಾಲ ಇರಬೇಕು. ರೇನ್‌ಕೋಟಿನ ಟೊಪ್ಪಿಗಿ ಹೆಲ್ಮೆಟ್ ಒಳಗ ತುರುಕಬ್ಯಾಡ್ರಿ, ಕುತ್ತಿಗಿ ತಿರುಗಂಗಿಲ್ಲ, ಹಾರ್ನ್ ಕೇಳಂಗಿಲ್ಲ. ಹೆಲ್ಮೆಟ್ ಐಎಸ್‌ಐ ಗುರುತಿಂದು, ಕಾಜು ಬಿಳಿದು, ಗೀರು ಇಲ್ಲದ್ದು ಇರ್ಲಿ, ಗೀರು ಬಿದ್ದ ಕಾಜಿನ ಮ್ಯಾಲ ಮಳಿ ಹನಿ ಕುಂತು ಎದುರಿಂದ ಲೈಟ್ ಬಿದ್ರ ಏನಂದ್ರ ಏನೂ ಕಾಣ್ಸಂಗಿಲ್ಲ.

ಹೋಗೂ ದಾರಿ

ಮಳಿ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಭಾಳ ಕೆಟ್ಟದು. ಅಷ್ಟ್ ದಿನದ ಧೂಳು, ಡೀಸೆಲ್, ಆಯಿಲ್ ಎಲ್ಲಾ ನೀರಿನ ಜೊತಿ ಕೂಡಿ ರಸ್ತಾ ಎಣ್ಣಿ ಹಚ್ಚಿದ ಹಂಚಿನಂಗ ಆಗ್ತದ, ಜೋರ್ ಮಳಿ ಬಂದು ತೊಳದ ಮ್ಯಾಲ ಜರಾ ಸುಧಾರಿಸ್ತದ. ನಮ್ಮ ಕಡಿ ಇದರ ಜೊತಿ ಇನ್ನೊಂದಿಷ್ಟು ಅದ. ತೊಗರಿ ಹೊಲದಿಂದ ಟ್ರ್ಯಾಕ್ಟರ್ ಮ್ಯಾಲ ಬಂತು ಅಂದ್ರ ಅದರ ಗಾಲಿಯಿಂದ ಎರಿ ಮಣ್ಣಿನ ಹೆಂಟಿ ಟಾರ್ ರೋಡ್ ಮ್ಯಾಲ ಬಿದ್ಕೋತ ಹೋಗ್ತದ, ಹಿಂದ ಬಂದ ಲಾರಿ ಅದನ್ನ ತುಳದು ಲೇಪ ಮಾಡ್ತದ. ಸೇಡಂ, ವಾಡಿ ಕಡಿ ಸಿಮೆಂಟ್ ಲಾರಿ ಓಡಾಡಿದ ರಸ್ತಾದಾಗ ಬೂದಿಧೂಳು, ಶಹಾಬಾದ್ ಚಿತ್ತಾಪುರ ಕಡಿ ಪರಸಿ (ಹಾಸುಗಲ್ಲು) ಪಾಲಿಶ್ ಮಾಡಿದ ರಾಡಿ. ರಸ್ತಾದ ಬಣ್ಣ ಬದಲಾಗ್ಯಾದ ಅಂತ ಕಣ್ಣಿಗಿ ಬಿದ್ದ ತಕ್ಷಣ ಆಕ್ಸಿಲೇಟರ್ ಇಳಸ್ರಿ, ಗಾಡಿ ನೆಟ್ಟಗ ಇಡ್ರಿ, ಅದರ ಮ್ಯಾಲ ಇದ್ದಾಗ ಬ್ರೇಕೂ ಬ್ಯಾಡ, ವಾಲ್ಸೂದೂ ಬ್ಯಾಡ.

ಸ್ಪೀಡ್ ವಿಷಯಕ್ಕ ಬರ್ತೀನಿ, ಯಾಕಂದ್ರ ಹುಡುಗ್ರು ಇಲ್ಲೇ ಬೀಳ್ತಾರ. ಕಾಲ್ ಬಂದದ, 12 ಕಿಲೋಮೀಟರ್ ದೂರ ಅದ ಅಂತ ತಿಳ್ಕೊಳ್ರಿ. 80ರಾಗ ಹೋದ್ರ 9 ನಿಮಿಷ, 60ರಾಗ ಹೋದ್ರ 12 ನಿಮಿಷ. ಉಳ್ಯೂದು 3 ನಿಮಿಷ. ಈಗ ಇನ್ನೊಂದು ಲೆಕ್ಕ ನೋಡ್ರಿ, 60ರಾಗ ಇದ್ದಾಗ ಬ್ರೇಕ್ ಹಿಡಿಬೇಕು ಅಂತ ತಲ್ಯಾಗ ಹೊಳದು ಕೈ ಹಿಡಿಯೂ ಒಂದು ಸೆಕೆಂಡಿನಾಗಾ ಗಾಡಿ ಸುಮಾರು 17 ಮೀಟರ್ ಮುಂದ ಹೋಗಿರ್ತದ, ಒದ್ದಿ ರಸ್ತಾದಾಗ ಪೂರಾ ನಿಲ್ಲೂದ್ರಾಗ ಅಂದಾಜು 50 ಮೀಟರ್, 80ರಾಗ ಇದ್ರ 80 ಮೀಟರ್ ದಾಟ್ತದ. ಆ 3 ನಿಮಿಷಕ್ಕ ಇಷ್ಟು ಕೊಡಬೇಕಾ? ನಾ ಅಂತೂ ಬ್ಯಾಡ ಅಂತೀನಿ. ದಾರ್ಯಾಗ ಬಿದ್ದ ಪೊಲೀಸಪ್ಪ ಯಾರಿಗೂ ಸಹಾಯ ಮಾಡಲಾಕ ಆಗಂಗಿಲ್ಲ, ಮ್ಯಾಲ ಅವ್ರ ಸಲುವಾಗಿ ಇನ್ನೊಂದು ಆಂಬುಲೆನ್ಸ್ ಬೇಕಾಗ್ತದ.

ಬ್ರಿಟನ್ ಪೊಲೀಸರಿಗಿ ಬೈಕ್ ಟ್ರೇನಿಂಗ್‌ನ್ಯಾಗ ಕಲಸೂ ಒಂದು ಪದ್ಧತಿ ನಮ್ಮ ರಸ್ತಾಕ್ಕೂ ಸರಿಯಾಗಿ ಹೊಂದ್ತದ. ಮುಂದ ಎಷ್ಟು ರಸ್ತಾ ಖಾಲಿ ಕಾಣ್ತದೋ ಅಷ್ಟರೊಳಗ, ನಮ್ಮ ಸೈಡಿನಾಗಾ, ಗಾಡಿ ನಿಲ್ಸಲಾಕ ಬರೋವಷ್ಟಾ ಸ್ಪೀಡ್ ಇರ್ಬೇಕು. ತಿರುವಿನಾಗ ರಸ್ತಾದ ಎರಡೂ ಅಂಚು ಕೂಡಿದಂಗ ಕಾಣೂ ಒಂದು ಜಾಗ ಇರ್ತದ. ಅದು ನಮ್ಮ ಕಡಿ ಸಮೀಪ ಬರ್ಲಾಕತ್ತಿದ್ರ ತಿರುವು ಬಿಗಿ ಅದ, ಸ್ಪೀಡ್ ಇಳಸ್ರಿ, ಅದು ನಮ್ಮಿಂದ ದೂರ ಸರಿಲಾಕತ್ತಿದ್ರ ತಿರುವು ಬಿಚ್ಚಲಾಕತ್ತದ, ಸಾವಕಾಶ ಏರಸ್ರಿ. ಬೀದರ್ ಕಡಿ ಚಳಿಗಾಲದ ಮಂಜಿನಾಗೂ ಇದಾ ಲೆಕ್ಕ. ಕಬ್ಬಿನ ಟೈಮಿನಾಗ ಆಳಂದ, ಅಫಜಲಪುರ ರಸ್ತಾದಾಗ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಒಂದು ಲೈಟ್ ಇಲ್ದ ಹೋಗ್ತಿರ್ತದ, ಹೆಡ್‌ಲೈಟ್ ಮುಟ್ಟೂ ದೂರದೊಳಗ ನಿಲ್ಲಲಾಕ ಬರಲಿಲ್ಲ ಅಂದ್ರ ನೇರ ಕಬ್ಬಿನೊಳಗಾ.

ಬ್ರೇಕಿನ ಬಗ್ಗೆ ನಮ್ಮ ಕಡಿ ಒಂದು ತಪ್ಪು ತಿಳುವಳಿಕಿ ಗಟ್ಟಿಯಾಗಿ ಕುಂತದ, ಮುಂದಿನ ಬ್ರೇಕ್ ಹಿಡದ್ರ ಪಲ್ಟಿ ಆಗ್ತದ ಅಂತ ಬರೀ ಕಾಲಿನ ಬ್ರೇಕ್ ತುಳಿತಾರ. ಬ್ರೇಕ್ ಹಿಡದಾಗ ಗಾಡಿಯ ಭಾರ ಮುಂದಿನ ಗಾಲಿ ಮ್ಯಾಲ ಬರ್ತದ, ಹಿಂದಿನದು ಹಗುರ ಆಗ್ತದ, ಹಿಂಗಾಗಿ ನಿಲ್ಸೂ ಶಕ್ತಿ ಹೆಚ್ಚಿಗಿ ಇರೂದು ಮುಂದಾ. ಒದ್ದಿ ರಸ್ತಾದಾಗ ಎರಡೂ ಕೂಡಿ ಹಿಡಿರಿ, ಮುಂದಿನದನ್ನ ಝಟಕಾ ಕೊಡದಾ ನಿಂಬಿಹಣ್ಣು ಹಿಂಡಿದಂಗ ಸಾವಕಾಶ ಬಿಗಿ ಮಾಡ್ಕೋತ ಬರ್ರಿ, ಗಾಡಿ ನೆಟ್ಟಗ ಇರ್ಲಿ. 2019ರ ಏಪ್ರಿಲ್‌ನಿಂದ 125 ಸಿಸಿ ಮ್ಯಾಲಿನ ಹೊಸ ಬೈಕಿಗಿ ಎಬಿಎಸ್, ಅಂದ್ರ ಬ್ರೇಕ್ ಹಿಡದಾಗ ಗಾಲಿ ಜಾಮ್ ಆಗದಂಗ ತಡಿಯೂ ವ್ಯವಸ್ಥಾ, ಕಡ್ಡಾಯ ಅದ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಕೈಯಾಗ ಟಕಟಕ ಅಂತದ, ಹೆದರಿ ಬಿಡಬ್ಯಾಡ್ರಿ, ಹಿಡದಾ ಇರ್ರಿ. ಎಬಿಎಸ್ ಇಲ್ಲದ ಗಾಡ್ಯಾಗ ಮುಂದಿನ ಗಾಲಿ ಜಾಮ್ ಆತು ಅನಿಸಿದ್ರ ಒಂದ್ ಕ್ಷಣ ಸಡಲ ಬಿಟ್ಟು ಮತ್ತ ಹಿಡಿರಿ.

ಸಿಗ್ನಲ್‌ದಾಗ ಲೇನಿನ ನಟ್ಟನಡುವ ನಿಲ್ಲಬ್ಯಾಡ್ರಿ, ಗಾಡಿಗಳ ಆಯಿಲ್ ಸೋರೂದು ಅಲ್ಲೇ. ಮುಂದಿನ ಕಾರಿನ ಗಾಲಿ ನೀರು ಒರಸಿದ ಪಟ್ಟಿ ಮ್ಯಾಲ ಹೋಗ್ರಿ. ಝೀಬ್ರಾ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಸೇತುವಿ ಮ್ಯಾಲಿನ ಕಬ್ಬಿಣದ ಜಾಯಿಂಟ್ ಇವೆಲ್ಲಾ ಜಾರ್ತಾವ, ರೈಲ್ವೆ ಹಳಿ ಬಂದ್ರ ಅಡ್ಡಡ್ಡ ದಾಟ್ರಿ, ಓರಿಯಾಗಿ ಹೋದ್ರ ಗಾಲಿ ಸಿಕ್ಕೊಂತದ.

ಸೈರನ್ ಹಾಕಿದ್ರ ದಾರಿ ಬಿಡ್ತಾರ ಅಂತ ನಂಬಬ್ಯಾಡ್ರಿ. ಮಳ್ಯಾಗ ಕಾರಿನವ್ರು ಕಾಜು ಏರಿಸಿರ್ತಾರ, ಆಟೋದಾಗ ಹಾಡು ಹಚ್ಚಿರ್ತಾರ, ಬೈಕಿನವ್ರು ತಲಿ ತಗ್ಗಿಸಿ ಹೊಂಟಿರ್ತಾರ. ಎದುರಿನವ್ರು ನಿಮ್ಮನ್ನ ನೋಡ್ಯಾರ ಅಂತ ಖಾತ್ರಿ ಆದ ಮ್ಯಾಲನಾ ಸರ್ಕಲ್ ದಾಟ್ರಿ.

ನೀರು ನಿಂತಿದ್ರ ಆಳ ಗೊತ್ತಿಲ್ದ ಇಳಿಬ್ಯಾಡ್ರಿ, ರೈಲ್ವೆ ಅಂಡರ್‌ಬ್ರಿಡ್ಜ್ ಅಂತೂ ಒಂದಾ ಜೋರ್ ಮಳಿಗಿ ತುಂಬ್ತಾವ. ಹರಿಯೂ ನೀರಿಗಿ ಇನ್ನೂ ಹೆಚ್ಚು ಅಂಜಬೇಕು. ಕಾಗಿಣಾ ನದಿ ತುಂಬಿ ಬಂದಾಗ ಮಳಖೇಡ ಸೇತುವಿ ಮುಳುಗಿ ಸೇಡಂ ರಸ್ತಾ ಬಂದ್ ಆಗೂದು ನಾವೆಲ್ಲಾ ನೋಡೀವಿ, 2020ರ ಅಕ್ಟೋಬರ್‌ದಾಗ ಭೀಮಾ ನದಿ ಉಕ್ಕಿ ಪ್ರವಾಹ ಬಂದಿದ್ದೂ ಗೊತ್ತದ. ಮೊಣಕಾಲ್ ಮಟ್ಟದ ಹರಿಯೂ ನೀರು ಬೈಕ್ ಸಮೇತ ಮನಶ್ಯಾನ್ನ ಒಯ್ತದ. ಅಂಥಲ್ಲಿ ಪೊಲೀಸ್ ಬೈಕಿನ ಕೆಲಸ ಈ ಕಡಿ ದಂಡಿಗಿ ನಿಂತು ಯಾರನ್ನೂ ಇಳಿಯಲಾಕ ಬಿಡದೇ ಇರೂದು. ನಿಂತ ನೀರು ದಾಟಿ ಬಂದ ಮ್ಯಾಲ ಬ್ರೇಕ್ ಹಗೂರ ಹಿಡ್ಕೊಂಡು ಜರಾ ದೂರ ಹೋಗ್ರಿ, ಒಣಗ್ತಾವ. ಸಿಡ್ಲು ಹೊಡಿಲಾಕತ್ತಿದ್ರ ಬೇವಿನ ಗಿಡದ ಬುಡಕ್ಕ ನಿಲ್ಲಬ್ಯಾಡ್ರಿ, ಪಕ್ಕಾ ಕಟ್ಟಡ ಹುಡುಕ್ರಿ.

ಮುಟ್ಟಿದ ಮೊದಲ ಒಂದು ನಿಮಿಷ

ಜನ ಗುಂಪು ಕೂಡಿದ್ದು ದೂರದಿಂದಾ ಕಾಣ್ತದ. ಅಲ್ಲಿಂದನಾ ಸ್ಪೀಡ್ ಇಳಸ್ರಿ, ರಸ್ತಾದ ಮ್ಯಾಲ ಕಾಜು, ಆಯಿಲ್, ಕೆಲವೊಮ್ಮೆ ಬಿದ್ದ ಮನಶ್ಯಾನೂ ಇರ್ತಾರ. ಬಿದ್ದವ್ರ ಹತ್ರ ಓಡಿ ಹೋಗಬೇಕು ಅಂತ ಜೀವ ಎಳಿತದ, ಆದ್ರ ಮೊದಲು ಹಿಂದಿನಿಂದ ಬರೋ ಗಾಡಿ ನಿಲ್ಸಬೇಕು. ಬೈಕನ್ನ ಆಕ್ಸಿಡೆಂಟಿಗಿಂತ ಸಾಕಷ್ಟು ಹಿಂದ, ಗಾಡಿ ಬರೂ ಕಡಿ, ರಸ್ತಾದ ಅಂಚಿಗಿ ನಿಲ್ಲಿಸಿ ಬ್ಲಿಂಕರ್ ಹಚ್ರಿ. ಜೀಪಿನಂಗ ಅಡ್ಡ ಹಚ್ಚಿದ್ರ ಬೈಕು ಲಾರಿ ತಡಿಯಂಗಿಲ್ಲ, ತೋರಸ್ತದ ಅಷ್ಟಾ. ತಿರುವು ಅಥವಾ ಸೇತುವಿ ಏರು ಇದ್ರ ಅದಕ್ಕಿಂತ ಈ ಕಡಿಗೇ ನಿಲ್ಲಸ್ರಿ, ತಿರುವು ದಾಟಿದ ಮ್ಯಾಲ ಕಂಡ್ರ ಲಾರಿಯವ್ನಿಗಿ ಟೈಮ್ ಇರಂಗಿಲ್ಲ.

ಗುಂಪಿನಾಗ ಇಬ್ರನ್ನ ಬೆರಳು ಮಾಡಿ ಕರೀರಿ. "ಏ ತಮ್ಮಾ, ನೀ ಮೊಬೈಲ್ ಟಾರ್ಚ್ ಹಚ್ಕೊಂಡು ಆ ಗಿಡದ ತನಕ ಹೋಗು, ರಸ್ತಾದ ಬಾಜೂಕ ನಿಂತು ಗಾಡಿ ನಿಧಾನ ಮಾಡ್ಸು. ಕಾಕಾ, ನೀವು ಈ ಮಂದಿನ್ನ ಕೆಳಗ ಇಳಸ್ರಿ." ಎಲ್ಲಾರಿಗೂ ಕೂಡಿ ಹೇಳಿದ್ರ ಯಾರೂ ಮಾಡಂಗಿಲ್ಲ, ಒಬ್ಬರ ಮುಖಾ ನೋಡಿ ಹೇಳಿದ್ರ ತಪ್ದ ಮಾಡ್ತಾರ.

ಅಷ್ಟ್ರಾಗ ಪೊಲೀಸ್ ಕಂಟ್ರೋಲ್ ರೂಮಿಗಿ ಹೇಳ್ರಿ, ಸಾಮಾನ್ಯ ಜನ ಇದ್ರ 112 ಅಥವಾ 108, ನ್ಯಾಷನಲ್ ಹೈವೇ ಆದ್ರ 1033 ಕೂಡ ಅದ. ಜೇವರ್ಗಿ ರೋಡ್ ಅಂದ್ರ ಸಾಕಾಗಂಗಿಲ್ಲ, ಯಾವ ಕ್ರಾಸ್ ದಾಟಿ, ಕಿಲೋಮೀಟರ್ ಕಲ್ಲಿನ ಮ್ಯಾಲ ಎಷ್ಟು ಬರದದ, ಊರ ಕಡಿ ಹೋಗೂ ಸೈಡೋ ಬರೂ ಸೈಡೋ, ಎಷ್ಟ್ ಮಂದಿ, ಯಾರಿಗಿ ಎಚ್ಚರ ಇಲ್ಲ, ಇಷ್ಟು ಬೇಕು. ಬಿದ್ದ ಗಾಡಿ ಚಾವಿ ಆಫ್ ಮಾಡ್ರಿ, ಬೀಡಿ ಸೇದೋರನ್ನ ದೂರ ಕಳಸ್ರಿ. ಮತ್ತ ಬಾಜೂಕಿನ ತಗ್ಗಿನಾಗ, ಹೊಲದಾಗ ಒಂದ್ ಸಲ ಟಾರ್ಚ್ ಹೊಡದು ನೋಡಲೇಬೇಕು. ಬೈಕ್ ಮ್ಯಾಲ ಇಬ್ರಿದ್ರ ಹಿಂದ ಕುಂತವ್ರು ಹಾರಿ ತೊಗರಿ ಸಾಲಿನಾಗ ಬಿದ್ದಿರ್ತಾರ, ಕತ್ತಲದಾಗ ಯಾರಿಗೂ ಗೊತ್ತಾಗಿರಂಗಿಲ್ಲ.

ಬಿದ್ದವ್ರ ಹತ್ರ

ಚೀರಾಡೋರ ಕಡಿ ಎಲ್ಲಾರೂ ಹೋಗ್ತಾರ, ನೀವು ಸುಮ್ಮ ಬಿದ್ದವ್ರ ಕಡಿ ಮೊದಲು ಹೋಗ್ರಿ. ರಕ್ತ ಚಿಮ್ಮಲಾಕತ್ತಿದ್ರ ಸ್ವಚ್ಛ ಅರಬಿ ಒತ್ತಿ ಹಿಡಿರಿ, ಪದೇಪದೇ ತೆಗದು ನೋಡಬ್ಯಾಡ್ರಿ, ಒದ್ದಿ ಆದ್ರ ಅದರ ಮ್ಯಾಲನಾ ಇನ್ನೊಂದು ಇಟ್ಟು ಒತ್ರಿ. ಉಸಿರು ನೋಡ್ರಿ. ಎಚ್ಚರಿಲ್ಲ, ಸರಿಯಾಗಿ ಉಸಿರೂ ಇಲ್ಲ ಅಂದ್ರ ಎದಿ ನಡುವ ಎರಡೂ ಕೈ ಇಟ್ಟು ನಿಮಿಷಕ್ಕ 100ರಿಂದ 120ರಷ್ಟು ವೇಗದಾಗ, 5–6 ಸೆಂಟಿಮೀಟರ್ ಒಳಗ ಇಳಿಯೂವಂಗ ಒತ್ತಲಾಕ ಶುರು ಮಾಡ್ರಿ, ಆಂಬುಲೆನ್ಸ್ ಬರೂತನಕ ಒಬ್ರಾದ ಮ್ಯಾಲ ಒಬ್ರು.

ಹೆಲ್ಮೆಟ್ ಎಳದು ತೆಗಿಯೂದು ನಮ್ಮ ಮಂದಿಯ ಮೊದಲ ಕೆಲಸ, ಅದಾ ಅಪಾಯ, ಕುತ್ತಿಗಿ ಎಲುಬು ಮುರದಿದ್ರ ಆ ಒಂದು ಎಳತದಾಗ ಕೈಕಾಲು ಹೋಗಬಹುದು. ಉಸಿರಾಡಲಾಕತ್ತಾರ ಅಂದ್ರ ಕಾಜು ಮ್ಯಾಲ ಎತ್ತಿ ಹಂಗಾ ಬಿಡ್ರಿ. ಉಸಿರು ಕಟ್ಟಲಾಕತ್ತದ, ವಾಂತಿ ಆಗ್ಯಾದ, ಎದಿ ಒತ್ತಬೇಕಾಗ್ಯಾದ ಅಂದ್ರ ಮಾತ್ರ ತೆಗಿಬೇಕು, ಅದಕ್ಕ ಇಬ್ರು ಬೇಕು. ಒಬ್ರು ತಲಿ ಕಡಿಗಿ ಕುಂತು ಹೆಲ್ಮೆಟ್ ಅಲುಗಾಡದಂಗ ಹಿಡಿಬೇಕು. ಇನ್ನೊಬ್ರು ಪಟ್ಟಿ ಬಿಚ್ಚಿ, ಒಂದು ಕೈ ಗದ್ದಕ್ಕ, ಒಂದು ಕೈ ಕುತ್ತಿಗಿ ಹಿಂದ ತಲಿಬುಡಕ್ಕ ಕೊಟ್ಟು ಆಧಾರ ಹಿಡ್ಕೊಬೇಕು. ಆಮ್ಯಾಲ ಮೊದಲಿನವ್ರು ಹೆಲ್ಮೆಟಿನ ಎರಡೂ ಬದಿ ಅಗಲಿಸಿ, ಮೂಗಿಗಿ ತಾಗದಂಗ ಜರಾ ಓರಿ ಮಾಡಿ, ಸಾವಕಾಶ ಜಗ್ಗಿ ತೆಗದು, ಮತ್ತ ತಲಿ ಎರಡೂ ಕೈಲಿಂದ ಹಿಡ್ಕೊಬೇಕು.

ನೀರು ಕುಡಸಬ್ಯಾಡ್ರಿ. ಎಷ್ಟಾ ಕೇಳಿದ್ರೂ ತುಟಿ ಒದ್ದಿ ಮಾಡ್ರಿ, ಅಷ್ಟಾ. ಎಚ್ಚರಿಲ್ಲದವ್ರಿಗಿ ನೀರು ಪುಪ್ಪುಸಕ್ಕ ಇಳಿತದ, ಆಪರೇಷನ್ ಬೇಕಾದ್ರ ಅದೂ ತೊಂದ್ರಿ. ಮಳ್ಯಾಗ ಮೈ ತಂಪಾದ್ರ ರಕ್ತ ಹೆಪ್ಪುಗಟ್ಟೂದು ಕಮ್ಮಿ ಆಗ್ತದ, ಅದಕ್ಕ ರೇನ್‌ಕೋಟೋ ಚಾದರೋ ಹೊಚ್ರಿ. ಎದ್ದು ಕುಂತು "ಏನೂ ಆಗಿಲ್ರಿ ಸಾಹೇಬ್ರ" ಅನ್ನೋರನ್ನೂ ಮನಿಗಿ ಬಿಡಬ್ಯಾಡ್ರಿ, ತಲ್ಯಾಗ ರಕ್ತ ಸೋರಲಾಕತ್ತಿದ್ರ ಮೊದಲು ಚಂದಾಗಿ ಮಾತಾಡಿ ಆಮ್ಯಾಲ ತೂಕಡಿಸ್ತಾರ. ತೊದಲಿದ್ರ ಕುಡದಾನ ಅಂತ ತೀರ್ಮಾನಕ್ಕೂ ಬರಬ್ಯಾಡ್ರಿ.

ಕಾರಿನ್ಯಾಗ ಮಡಚಿ ಹಾಕ್ಕೊಂಡು ಓಡೂದಕ್ಕಿಂತ ಆಂಬುಲೆನ್ಸಿಗಿ ಕಾಯೂದು ಛಲೋ, ಆದ್ರ ಅದು ಭಾಳ ತಡ ಅಂತ ಗೊತ್ತಾಗಿ ರಕ್ತ ನಿಲ್ಲಲಾಕತ್ತಿಲ್ಲಂದ್ರ ತಲಿ, ಕುತ್ತಿಗಿ, ಬೆನ್ನು ಒಂದಾ ಸಾಲಿನಾಗ ಇರೂವಂಗ ನಾಕು ಮಂದಿ ಕೂಡಿ ಎತ್ತಿ, ಗೂಡ್ಸ್ ಗಾಡ್ಯಾಗರೆ ಮಲಗಿಸಿ ಒಯ್ರಿ. ಗಾಯ ಆದ ಮೊದಲ ಒಂದು ತಾಸಿನಾಗ ಚಿಕಿತ್ಸೆ ಸಿಕ್ರ ಜೀವ ಉಳಿಯೂ ಸಾಧ್ಯತಿ ಹೆಚ್ಚು, ಅದಕ್ಕಾ ಮೋಟಾರು ಕಾಯ್ದೆನಾ ಆ ತಾಸಿಗಿ ಗೋಲ್ಡನ್ ಅವರ್ ಅಂತ ಹೆಸರಿಟ್ಟದ.

ಜನ ಹೆದರ್ತಾರ, ಅವ್ರಿಗಿ ಇದನ್ನ ಹೇಳ್ರಿ

ಕೈ ಹಚ್ಚಿದ್ರ ಕೋರ್ಟು ಕಚೇರಿ ಅಲೀಬೇಕು ಅನ್ನೂ ಅಂಜಿಕಿ ಇನ್ನೂ ಹೋಗಿಲ್ಲ, ಇದು ನನಗ ಭಾಳ ಸಂಕಟ ಆಗೂ ವಿಷಯ. 2016ರಾಗ ಸುಪ್ರೀಂ ಕೋರ್ಟ್ ಸಹಾಯ ಮಾಡಿದವ್ರಿಗಿ ರಕ್ಷಣೆ ಕೊಟ್ಟದ, 2019ರ ತಿದ್ದುಪಡಿಯಿಂದ ಮೋಟಾರು ಕಾಯ್ದೆಯ 134ಎ ಕಲಮಿನಾಗೂ ಅದು ಬಂದದ. ಹೆಸರು, ನಂಬರ್ ಕೊಡ್ರಿ ಅಂತ ಒತ್ತಾಯ ಮಾಡಂಗಿಲ್ಲ, ರೊಕ್ಕ ಕಟ್ರಿ ಅಂತ ಆಸ್ಪತ್ರಿಯವ್ರೂ ಹಿಡ್ಕೊಂಡು ಕುಂಡ್ರಸಂಗಿಲ್ಲ. ಗಂಭೀರ ಗಾಯಾದವ್ರನ್ನ ಮೊದಲ ತಾಸಿನಾಗ ಆಸ್ಪತ್ರಿಗಿ ಮುಟ್ಟಿಸಿದವ್ರಿಗಿ ಕೇಂದ್ರದ ರಾಹ್-ವೀರ್ ಯೋಜನ್ಯಾಗ 25,000 ರೂಪಾಯಿ ಅದ, ಗಾಯಾಳುಗಳಿಗಿ 2025ರ ಮೇದಿಂದ 7 ದಿನದ ತನಕ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸಾ ಯೋಜನಿ ಜಾರಿ ಅದ. ಬೈಕ್ ಮ್ಯಾಲಿನ ಪೊಲೀಸರು ಗುಂಪಿನ ಮುಂದ ಇದನ್ನ ಬಾಯಿಬಿಟ್ಟು ಹೇಳಿದ್ರ ನಾಕು ಕೈ ತಾವಾ ಮುಂದ ಬರ್ತಾವ.

ಆಂಬುಲೆನ್ಸ್ ಬಂದ ಮ್ಯಾಲ

ಯಾವಾಗ ಆತು, ಎಚ್ಚರ ಯಾವಾಗ ತಪ್ಪಿತು, ಹೆಲ್ಮೆಟ್ ಇತ್ತೋ ಇಲ್ಲೋ, ಎಲ್ಲಿ ಒತ್ತಿ ಹಿಡಿದಿದ್ರಿ, ಇಷ್ಟನ್ನ ಸಿಬ್ಬಂದಿಗಿ ಎರಡು ಮಾತಿನಾಗ ಹೇಳ್ರಿ, ಮುರದ ಹೆಲ್ಮೆಟ್ ಜೊತಿಗೇ ಕಳಸ್ರಿ, ಪೆಟ್ಟು ಎಲ್ಲಿ ಬಿತ್ತು ಅಂತ ಡಾಕ್ಟರಿಗಿ ಅದರಿಂದ ತಿಳಿತದ. ಗಾಡಿ ಸರಸೂ ಮೊದಲು ನಾಕು ಕಡಿಯಿಂದ ಫೋಟೋ ತಗೊಳ್ರಿ. ಆಯಿಲ್ ಚೆಲ್ಲಿದ್ದಲ್ಲಿ ಒಣ ಉಸುಕು ಹಾಕ್ಸಿ ಕಸಬರಿಗಿಲೆ ಕಾಜು ಸಮೇತ ಗುಡಸ್ರಿ, ಎರಿ ಮಣ್ಣು ಮಾತ್ರ ಹಾಕಬ್ಯಾಡ್ರಿ, ಅದು ಇನ್ನೂ ಜಾರ್ತದ. ಅಲ್ಲಿ ತನಕ ಬ್ಲಿಂಕರ್ ಹಚ್ಚಿದ ಬೈಕ್ ಇದ್ದಲ್ಲೇ ಇರ್ಲಿ. ಸ್ಟೇಷನ್‌ಗಿ ಬಂದು ಬ್ರೇಕ್ ಒಣಗ್ಯಾವೇನ, ಟೈರಿಗಿ ಕಾಜು ಚುಚ್ಚಿದೇನ ನೋಡ್ಕೊಂಡು, ಚೀಲದಾಗ ಖರ್ಚಾದ ಬ್ಯಾಂಡೇಜು, ಕೈಗವಸು ಅವತ್ತೇ ತುಂಬಿಡ್ರಿ, ಮಳಿ ಇದ್ದ ದಿನ ಮುಂದಿನ ಕಾಲ್ ಯಾವಾಗ ಬರ್ತದೋ ಹೇಳಲಾಕ ಬರಂಗಿಲ್ಲ.